ಮಾಯಾ ಜನರ ಹಗೇವಿಗೆ ಬಿದ್ದದ್ದು

ನನಗೆ ಒಪ್ಪಿಸಿದ್ದ ಕೆಲಸ ಇಷ್ಟೇ: ಅಲ್ಲಿಯ ಗೈಡ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮವರಿಗೆ ಕನ್ನಡದಲ್ಲಿ ಹೇಳುವುದು, ನಮ್ಮವರು ಕೇಳಿದ್ದನ್ನು ಅವನಿಗೆ ಇಂಗ್ಲಿಷಿನಲ್ಲಿ ಮುಟ್ಟಿಸುವುದು. ನಡುವೆ ನನ್ನದೇನನ್ನೂ ಸೇರಿಸಬಾರದು, ಅವರದೇನನ್ನೂ ಬಿಡಬಾರದು. ರಾಯಚೂರಿನಲ್ಲಿ ಇಂಗ್ಲಿಷ್ ಟೀಚರ್ ಆಗಿಯೇ ಮುದುಕಿಯಾದವಳಿಗೆ ಇದೇನು ಮಹಾ ಎಂದುಕೊಂಡಿದ್ದೆ.

ಬೀಜದ ಕಂಪನಿಯೊಂದು ತನ್ನ ಡೀಲರ್‌ಗಳಿಗೆ ಮೆಕ್ಸಿಕೋ ಟೂರ್ ಕೊಟ್ಟಿತ್ತು. ಮಾಯಾ ಜನರ ಹಾಳೂರುಗಳು, ಕೊನೆಗೆರಡು ದಿನ ಸಮುದ್ರದ ದಂಡೆ. ಅದನ್ನು ವಹಿಸಿಕೊಂಡಿದ್ದ ಟ್ರಾವೆಲ್ಸ್ ಮಾಲೀಕ ನನ್ನ ಹಳೆಯ ಸ್ಟೂಡೆಂಟ್. "ಮಿಸ್, ಅವರ ಇಂಗ್ಲಿಷ್ ನಮ್ಮವರಿಗೆ ತಿಳಿಯೂದಿಲ್ಲ, ನಮ್ಮವರ ಕನ್ನಡ ದೇವರಿಗೂ ತಿಳಿಯೂದಿಲ್ಲ. ನೀವು ಬರಬೇಕ್ರಿ" ಎಂದ. ನನಗಾಗ ಎಪ್ಪತ್ತೊಂದು. ಮೊಣಕಾಲಿನ ನೆಪ ಹೇಳಬೇಕೆಂದು ಬಾಯಿ ತೆರೆದವಳಿಗೆ ಕಾನ್ವೆಂಟಿನ ಲೈಬ್ರರಿ ನೆನಪಾಯಿತು. ಅಲ್ಲಿದ್ದ ಎನ್‌ಸೈಕ್ಲೋಪೀಡಿಯಾದ ಒಂದು ಪುಟದಲ್ಲಿ ಕಾಡಿನ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಎದ್ದ ಗುಡಿಯ ಚಿತ್ರವಿತ್ತು. ಮಳೆ ಬಂದು ಪಿ.ಟಿ. ಪೀರಿಯಡ್ ತಪ್ಪಿದಾಗಲೆಲ್ಲ ನಾನು ಅದೇ ಪುಟ ತೆರೆದು ಕೂರುತ್ತಿದ್ದೆ. ಬರುತ್ತೇನೆ ಎಂದುಬಿಟ್ಟೆ.

ಹೊರಡುವ ಮೊದಲು ಮೂರು ಕಡೆ ಮೀಟಿಂಗ್ ಮಾಡಿದೆ. ರಾಯಚೂರಿನಲ್ಲಿ ಟ್ರಾವೆಲ್ಸ್ ಆಫೀಸಿನಲ್ಲಿ, ಮಾನ್ವಿಯಲ್ಲಿ ಒಂದು ರೈಸ್ ಮಿಲ್ಲಿನ ಕಟ್ಟೆಯ ಮೇಲೆ, ದೇವದುರ್ಗದಲ್ಲಿ ಒಂದು ಬೀಜ-ಗೊಬ್ಬರದ ಅಂಗಡಿಯ ಮಹಡಿಯಲ್ಲಿ. ಎರಡು ಪುಟದ ಚೆಕ್‌ಲಿಸ್ಟ್ ಟೈಪ್ ಮಾಡಿಸಿದ್ದೆ. ಒಡವೆ ಹಾಕಬೇಡಿ, ಬೆಳ್ಳಿ ಬಂಗಾರ ಮನೆಯಲ್ಲಿಡಿ, ಲೋಹದ ಸಾಮಾನು ಏರ್‌ಪೋರ್ಟಿನಲ್ಲಿ ಟ್ರೇಗೆ ಹಾಕಿ. ಒಂದೊಂದನ್ನೂ ಕ್ಲಾಸಿನಲ್ಲಿ ಓದಿದಂತೆ ಓದಿದೆ. ಮಾನ್ವಿಯ ಮಿಲ್ಲಿನ ಸಾಹುಕಾರರು, ಅವರೂ ಬೀಜದ ಡೀಲರೇ, ಹಲ್ಲಿಗೆ ಹಾಕಿಸಿದ ಬಂಗಾರವನ್ನು ಯಾವ ಟ್ರೇಗೆ ಹಾಕಬೇಕೆಂದು ಕೇಳಿ ಎಲ್ಲರನ್ನೂ ನಗಿಸಿದರು. ಮುಂದೆ ಟೂರಿನುದ್ದಕ್ಕೂ ಅವರ ಬಾಯಿ ಹಾಗೇ ನಡೆಯಿತು.

ದೇವದುರ್ಗದ ಮೀಟಿಂಗಿನಲ್ಲಿ ಗೋಡೆಗೊರಗಿ ಕೂತಿದ್ದ ಒಬ್ಬ ಅವ್ವನನ್ನು ನೋಡಿದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅಂಗಡಿ ಅವರ ಯಜಮಾನರದು. ಇಬ್ಬರ ಟೂರ್ ಗೆದ್ದವರು ಅವರೇ. ಗೆದ್ದ ಮೇಲೆ, ಹೊರಡುವ ಮೊದಲೇ, ತೀರಿಕೊಂಡಿದ್ದರು. ಮಗನಿಗೆ ಬಿತ್ತನೆಯ ಸೀಜನ್, ಅಂಗಡಿ ಬಿಡುವಂತಿಲ್ಲ. ಸೀಟು ಯಾರಿಗಾದರೂ ಕೊಟ್ಟುಬಿಡೋಣವೆಂದಾಗ ಅವ್ವ ತಾನು ಹೋಗುತ್ತೇನೆ ಎಂದರಂತೆ.

"ಅವರು ಟೂರಿನ ಕಾಗದದಾಗಿನ ಆ ಗುಡಿ ಚಿತ್ರಾನ ಗಲ್ಲೇದ ಹಿಂದ ಗ್ವಾಡಿಗೆ ಹಚ್ಚಿದ್ರು ತಂಗಿ," ಎಂದರು ನನಗೆ. "ದಿನಾ ನೋಡ್ತಿದ್ರು. ಇಬ್ಬರಾಗ ಒಬ್ಬರರ ನೋಡಿ ಬರಬೇಕಲ್ಲ."

ಅವರು ಕೇಳಿದ್ದು ಒಂದೇ ಪ್ರಶ್ನೆ: ದಾರಿಯಲ್ಲಿ ಎರಡು ಹೊತ್ತು ಲಿಂಗಪೂಜೆಗೆ ಶುದ್ಧ ನೀರು ಸಿಗುತ್ತದೆಯೇ? ಪೂಜೆಯಾಗದೆ ಬಾಯಿಗೆ ಏನೂ ಹಾಕುವವರಲ್ಲ. ಲಿಂಗ ಮೈಮೇಲಿಲ್ಲದಿದ್ದರಂತೂ ಹನಿ ನೀರೂ ಇಲ್ಲ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಮದುವೆಯ ಹೊತ್ತಿನಲ್ಲಿ ಮಠದಯ್ಯ ಕಟ್ಟಿದ ಇಷ್ಟಲಿಂಗ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಪೂಜೆ, ನೀರು, ಶುಗರ್ ಮಾತ್ರೆ. ರೂಮ್‌ಮೇಟ್: ನಾನು.

ತೊಂದರೆ ಹೈದರಾಬಾದಿನ ಸೆಕ್ಯೂರಿಟಿಯಲ್ಲೇ ಶುರುವಾಯಿತು. ಕರಡಿಗೆಯನ್ನು ಟ್ರೇಗೆ ಹಾಕಬೇಕು ಎಂದರು. ಅವ್ವ ಎರಡೂ ಕೈಯಲ್ಲಿ ಅದನ್ನು ಮುಚ್ಚಿಕೊಂಡು ನಿಂತರು. ಹಿಂದೆ ಕ್ಯೂ ಬೆಳೆಯುತ್ತಿತ್ತು. ನಾನೇ ಉಪಾಯ ಹೇಳಿದೆ. ಲಿಂಗವನ್ನು ಹೊರಗೆ ತೆಗೆದು ಬಿಳಿ ವಸ್ತ್ರದಲ್ಲಿ ಸುತ್ತಿ, ನೂಲಿನ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿದರೆ ಮೈಮೇಲೇ ಇರುತ್ತದೆ, ಬರಿದಾದ ಬೆಳ್ಳಿ ಟ್ರೇಯಲ್ಲಿ ಹೋಗಲಿ. ಒಪ್ಪಿದರು. ಮುಂದಿನ ಎರಡು ಏರ್‌ಪೋರ್ಟುಗಳನ್ನೂ ಹಾಗೇ ದಾಟಿದೆವು. ನನ್ನ ಬುದ್ಧಿಗೆ ನಾನೇ ಫುಲ್ ಮಾರ್ಕ್ಸ್ ಕೊಟ್ಟುಕೊಂಡೆ. ಊರು ತಲುಪಿದ ಮೇಲೂ, ಬೆಳ್ಳಿ ಹಾಕಿಕೊಂಡು ತಿರುಗುವುದು ಸೇಫ್ ಅಲ್ಲ, ಹೋಟೆಲಿನ ಪೆಟ್ಟಿಗೆಯಲ್ಲೇ ಇರಲಿ ಎಂದೆ. ಚೆಕ್‌ಲಿಸ್ಟಿನಲ್ಲಿ ಹಾಗೇ ಇತ್ತಲ್ಲ.

ಅವ್ವನ ಬೆರಳು ನಡುಗುತ್ತಿದ್ದವು. ಪೂಜೆ ಮುಗಿದ ಮೇಲೆ ಕೊರಳ ಹಿಂದೆ ದಾರದ ಗಂಟು ಹಾಕುವುದು ಹೀಗೆ ನನ್ನ ಪಾಲಿಗೆ ಬಂತು.

ಮೂರನೆಯ ದಿನ ಹೋದದ್ದು ಒಂದು ಸಣ್ಣ ಹಾಳೂರಿಗೆ. ದೊಡ್ಡ ಗುಡಿ ಮರುದಿನವಿತ್ತು. ಬೆಳಿಗ್ಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಒಬ್ಬರ ಕ್ಯಾಪ್ ಕಾಣುತ್ತಿರಲಿಲ್ಲ, ಇನ್ನೊಬ್ಬರಿಗೆ ಕಟಕ ರೊಟ್ಟಿಯ ಡಬ್ಬಿ ಬೇಕಿತ್ತು. ಅವಸರದಲ್ಲಿ ಅವ್ವನ ಗಂಟು ಹಾಕಿದೆ. ಆ ದಿನ ನನ್ನ ಬೆರಳು ತಮಗೆ ಚಿಕ್ಕಂದಿನಿಂದ ಗೊತ್ತಿದ್ದ ಗಂಟನ್ನೇ ಹಾಕಿದವು. ಕಾನ್ವೆಂಟಿನಲ್ಲಿ ಶೂ ಲೇಸಿಗೂ ಜಡೆಯ ರಿಬ್ಬನ್ನಿಗೂ ಹಾಕುತ್ತಿದ್ದ ಬೋ. ಎರಡು ಕಿವಿ, ಎಳೆದರೆ ಬಿಚ್ಚುವಂಥದು.

ಗೈಡ್ ಆ ಸೀಮೆಯವನೇ, ಮಾಯಾ ಮನೆತನದವನು. ಗಿಡ್ಡ ಆಳು, ಐವತ್ತರ ಆಸುಪಾಸು, ಮೆತ್ತಗಿನ ಇಂಗ್ಲಿಷ್. ಎರಡು ನಿಮಿಷ ಮಾತಾಡಿ ನಿಲ್ಲುತ್ತಿದ್ದ. ನಾನು ನೋಟ್‌ಬುಕ್ಕಿನಲ್ಲಿ ಹೆಸರು ಮತ್ತು ಅಳತೆ ಮಾತ್ರ ಗೀಚಿಕೊಂಡು, ಉಳಿದದ್ದನ್ನು ನೆನಪಿನಿಂದ ಕನ್ನಡದಲ್ಲಿ ಹೇಳುತ್ತಿದ್ದೆ. ನಮ್ಮವರ ಗಮನ ಗುಡಿಗಿಂತ ದಾರಿಬದಿಯ ಮೆಕ್ಕೆಜೋಳದ ಮೇಲಿತ್ತು. ಯಾವ ತಳಿ, ಎಷ್ಟು ದಿನದ ಬೆಳೆ, ಕಾಳಿಗೆ ಹುಳ ಬೀಳುತ್ತದೆಯೇ ಎಂದು ಅವನನ್ನು ಸುಸ್ತು ಮಾಡಿದರು. ತಮ್ಮನ್ನು ದೇವರು ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದನೆಂಬುದು ತಮ್ಮವರ ನಂಬಿಕೆ ಎಂದು ಅವನು ಹೇಳಿದಾಗ, ಹಾಗಾದರೆ ಇವರ ದೇವರೂ ನಮ್ಮ ಕಂಪನಿಯ ಗಿರಾಕಿ ಎಂದರು ಮಿಲ್ಲಿನ ಸಾಹುಕಾರರು. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ಗೈಡ್ ಮನಸಾರೆ ನಕ್ಕ. ಅಲ್ಲಿಯವರೆಗೆ ನಾನು ಒಂದು ಮಾತನ್ನೂ ನುಂಗಿರಲಿಲ್ಲ.

ಗೋಡೆಯ ತುಂಬ ಮಳೆದೇವರ ಮುಖಗಳು, ಸೊಂಡಿಲಿನಂಥ ಮೂಗು. ಈ ಸೀಮೆಯಲ್ಲಿ ಹೊಳೆಯಿಲ್ಲ, ತೋಡಿದರೆ ನೀರು ಹತ್ತುವುದಿಲ್ಲ, ಅದಕ್ಕೇ ಅಷ್ಟು ಸಲ ಆ ಮುಖ ಕೆತ್ತಿದ್ದಾರೆ ಎಂದ ಗೈಡ್. ಆಮೇಲೆ ಅಂಗಳದ ಮೂಲೆಗೆ ಕರೆದೊಯ್ದು, ಹಗ್ಗ ಕಟ್ಟಿದ ಆವರಣದ ಆಚೆ ನೆಲದಲ್ಲಿದ್ದ ಒಂದು ದುಂಡನೆಯ ಬಾಯಿ ತೋರಿಸಿದ. ಮೇಲೆ ಕಿರಿದು, ಒಳಗೆ ಗಡಿಗೆಯಂತೆ ಅಗಲ, ಗಾರೆ ಮೆತ್ತಿದ್ದು. ಮಳೆಯ ನೀರನ್ನು ಹೀಗೆ ನೆಲದೊಳಗೆ ಕೂಡಿಡುತ್ತಿದ್ದರಂತೆ.

"ನೀರಿಂದಲ್ರೀ ಟೀಚರ್ರ," ಎಂದರು ಮಿಲ್ಲಿನ ಸಾಹುಕಾರರು. "ಇದು ಹಗೇವು. ಜ್ವಾಳ ತುಂಬೂದು. ಅವಂಗ ಗೊತ್ತಿಲ್ಲ, ಹೇಳ್ರಿ."

ಹೇಳಿದೆ. ಕೆಲವು ವಿದ್ವಾಂಸರು ಹಾಗೂ ಹೇಳುತ್ತಾರೆ ಎಂದು ಅವನು ಒಪ್ಪಿಕೊಂಡ. ಸರಿ, ಇನ್ನು ನಮ್ಮವರನ್ನು ತಡೆಯುವವರಾರು? ಮೂರು ದಿನದಿಂದ ಪರದೇಶ ನೋಡಿ ನೋಡಿ ದಣಿದವರಿಗೆ ತಮ್ಮ ಊರಿನದೇ ಒಂದು ವಸ್ತು ಸಿಕ್ಕಿತ್ತು. ಹಗ್ಗ ದಾಟಿ ಬಾಯಿಯ ಸುತ್ತ ನೆರೆದರು. ನಮ್ಮಲ್ಲಿ ಹಗೇವಿಗೆ ಇಳಿಯುವ ಮೊದಲು ಒಳಗಿನ ಗಾಳಿ ನೋಡಲು ದೀಪ ಇಳಿಬಿಡುತ್ತಾರಲ್ಲ, ಹಾಗೆ ಒಬ್ಬರು ಟವೆಲ್ಲಿನ ತುದಿಗೆ ಮೊಬೈಲ್ ಟಾರ್ಚ್ ಕಟ್ಟಿ ಇಳಿಸಿದರು. ಗೈಡ್ ಬೇಡ ಬೇಡ ಎನ್ನುತ್ತಿದ್ದ. ಅದನ್ನೂ ಹೇಳಿದೆ, ಯಾರೂ ಕೇಳಲಿಲ್ಲ.

ಅವ್ವ ನನ್ನ ಕೈ ಬಿಡಿಸಿಕೊಂಡು ಮುಂದೆ ಹೋದರು. ಜಾಲಹಳ್ಳಿಯ ತವರುಮನೆಯಲ್ಲಿ ಹಗೇವಿತ್ತಂತೆ. ತೆಳ್ಳಗಿನ ಹುಡುಗಿಯೆಂದು ನಡುವಿಗೆ ಹಗ್ಗ ಕಟ್ಟಿ ತಳದ ಜೋಳ ಬಳಿಯಲು ಇವರನ್ನೇ ಇಳಿಸುತ್ತಿದ್ದರಂತೆ. ಬಾಯಿಯ ಅಂಚಿಗೆ ಕೈಯೂರಿ ಬಗ್ಗಿದರು. ಸೆರಗು ಜಾರಿತು. ಬಿಳಿಯದೊಂದು ಸಣ್ಣ ಗಂಟು ಕೊರಳಿನಿಂದ ಕಳಚಿ ಒಳಗೆ ಹೋಯಿತು. ಒಣಮಣ್ಣಿನ ಮೇಲೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಅವರು ಕೂಗಲಿಲ್ಲ. ಎದೆಯ ಮೇಲೆ ಕೈಯಿಟ್ಟು ಅಲ್ಲೇ ಕೂತರು. "ಹೋತು" ಎಂದರು, ಅಷ್ಟೇ.

ಹೊತ್ತು ಹನ್ನೊಂದರ ಸುಮಾರು. ಬಿಸಿಲು ನಮ್ಮೂರಿನದಕ್ಕಿಂತ ಕೆಟ್ಟದು, ಬೆವರು ಆರುತ್ತಿರಲಿಲ್ಲ. ನಾನು ಹಿಡಿದ ನೀರಿನ ಬಾಟಲಿಯನ್ನು ಅವ್ವ ಕೈಯಿಂದ ಸರಿಸಿದರು. ಅವರ ಶುಗರ್ ಮಾತ್ರೆ ನನ್ನ ಬ್ಯಾಗಿನಲ್ಲಿತ್ತು.

ಗೈಡ್ ಕಾವಲುಗಾರನ ಬಳಿ ಹೋಗಿ ಬಹಳ ಹೊತ್ತು ಮಾತಾಡಿದ. ಬಂದು ನನಗೆ ಹೇಳಿದ್ದು ಇದು: ಕಾವಲುಗಾರ ಯಾರನ್ನೂ ಇಳಿಸುವಂತಿಲ್ಲ, ಅದು ಕಾಯಿದೆ. ಆದರೆ ಈ ಭಾಗದ ಅಧಿಕಾರಿ ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ. ಒಳ್ಳೆಯ ಮನುಷ್ಯ, ನನಗೆ ಪರಿಚಯ. ನಾನೇ ಏಣಿ, ಹಗ್ಗ ತರುತ್ತೇನೆ. ನೀವು ನಾಳೆ ಬನ್ನಿ. ಇಷ್ಟು ಹೇಳಿ ಅವನು ಅವ್ವನ ಮುಂದೆ ಮೊಣಕಾಲೂರಿ ಕೂತ. ಅಂಗೈಯನ್ನು ಕೆನ್ನೆಗೆ ಆನಿಸಿ ಕಣ್ಣು ಮುಚ್ಚಿದ, ತೆರೆದ, ಒಂದು ಬೆರಳು ಎತ್ತಿದ, ಹಗೇವನ್ನು ತೋರಿಸಿದ.

ಅವ್ವ ನನ್ನ ಮುಖ ನೋಡಿದರು. "ಏನಂತಾನ ತಂಗಿ?"

ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ನಾಳೆ ಬೆಳಿಗ್ಗೆ ಆರಕ್ಕೆ ಬಸ್ಸು ದೊಡ್ಡ ಗುಡಿಯತ್ತ ಹೊರಡಬೇಕು, ಅಲ್ಲಿಂದ ಸಮುದ್ರದ ಕಡೆಗೆ. ಎಲ್ಲ ಬುಕ್ ಆಗಿದೆ. ನಾವಿಬ್ಬರೇ ಹಿಂದುಳಿದು ಟ್ಯಾಕ್ಸಿ ಮಾಡಿಕೊಂಡು ಹೋಗಿ ಸೇರಿಕೊಳ್ಳಬಹುದಿತ್ತು. ಅಲ್ಲಿಯ ಏಜೆಂಟರ ನಂಬರು ನನ್ನ ಎಮರ್ಜೆನ್ಸಿ ಶೀಟಿನಲ್ಲೇ ಇತ್ತು, ಒಂದು ಫೋನ್ ಕಾಲ್ ಸಾಕಿತ್ತು. ಅದು ಹೊಳೆಯಿತು. ಆದರೆ ನಾಳೆಯವರೆಗೆ ಈ ಸೆಕೆಯಲ್ಲಿ ನೀರಿಲ್ಲದೆ, ಮಾತ್ರೆಯಿಲ್ಲದೆ ಇವರು ಕೂತರೆ? ಏನಾದರೂ ಆದರೆ ದೇವದುರ್ಗಕ್ಕೆ ಯಾವ ಮುಖ ಹೊತ್ತು ಹೋಗಲಿ? ಅಲ್ಲದೆ ಆ ಗಂಟು ನನ್ನದು. ಅದನ್ನು ಇನ್ನೂ ಯಾರೂ ಕೇಳಿರಲಿಲ್ಲ.

"ಅವನು ಈಗಲೇ ಇಳಿದು ತಂದುಕೊಡುತ್ತಾನಂತೆ," ಎಂದೆ. "ಕಾಯಿದೆ ಇರೋದರಿಂದ ಯಾರೂ ನೋಡಬಾರದಂತೆ. ಎಲ್ಲರೂ ಬಸ್ಸಿಗೆ ನಡೀರಿ."

ಅವನ ಇಂಗ್ಲಿಷೂ ನನ್ನ ಕನ್ನಡವೂ ಬೇರೆಯಾದದ್ದು ಆ ಹೊತ್ತಿನಲ್ಲಿ. ಎಲ್ಲರೂ ಹೋದ ಮೇಲೆ ಗೈಡ್‌ಗೆ ಹೇಳಿದೆ: ಥ್ಯಾಂಕ್ಯೂ, ಬೇಕಾಗಿಲ್ಲ, ಆಕೆಯ ಬಳಿ ಇನ್ನೊಂದಿದೆ. ಆಕೆ ಹಾಗೆಂದರೇ ಎಂದು ಅವನು ಎರಡು ಸಲ ಕೇಳಿದ. ಎರಡು ಸಲವೂ ಹೌದೆಂದೆ.

ಇನ್ನೊಂದು ಇದ್ದದ್ದು ನನ್ನ ಬಳಿ. ನನ್ನ ತಾಯಿ ನನಗೆ ಕಟ್ಟಿಸಿದ್ದ ಲಿಂಗ. ಹತ್ತನೆಯ ವಯಸ್ಸಿನಲ್ಲಿ ಹಾಸ್ಟೆಲ್ಲಿಗೆ ಹೋದಾಗ, ನಿನ್ನ ಲಾಕೆಟ್ಟಿನಲ್ಲಿ ಯಾರ ಫೋಟೋ ಇದೆ ಎಂದು ಹುಡುಗಿಯರು ಕೇಳಿದರೆಂದು ಬಿಚ್ಚಿ ಜಾಮೆಟ್ರಿ ಬಾಕ್ಸಿನಲ್ಲಿ ಇಟ್ಟೆ. ಬಿಚ್ಚು ಎಂದು ಯಾರೂ ಹೇಳಿರಲಿಲ್ಲ. ಹಾಕಿಕೊಳ್ಳದಿದ್ದರೂ ಜೊತೆಗಾದರೂ ಇಟ್ಟುಕೋ ಎಂದು ತಾಯಿ ಸಾಯುವಾಗ ಕೇಳಿಕೊಂಡಿದ್ದಳು. ಅಂದಿನಿಂದ ಹಳೆಯ ಕನ್ನಡಕದ ಕೇಸಿನಲ್ಲಿ, ಹ್ಯಾಂಡ್‌ಬ್ಯಾಗಿನ ತಳದಲ್ಲಿ, ನಾನು ಹೋದಲ್ಲೆಲ್ಲ ಅದು ಬಂದಿದೆ.

ವಾಶ್‌ರೂಮಿನ ಹಿಂದೆ ನಿಂತು ಅದನ್ನು ಹೊರತೆಗೆದೆ. ಅದೇ ಕಪ್ಪು, ಹೆಚ್ಚುಕಡಿಮೆ ಅದೇ ಗಾತ್ರ. ಹಗೇವಿನಿಂದ ಬಂದಂತೆ ಕಾಣಲೆಂದು ಮಣ್ಣಿನಲ್ಲಿ ಹೊರಳಿಸಿದೆ. ಕರ್ಚೀಫಿನಲ್ಲಿಟ್ಟುಕೊಂಡು ಬಸ್ಸಿಗೆ ಹೋಗಿ, ವಸ್ತ್ರ ತಳದಲ್ಲೇ ಉಳಿಯಿತಂತೆ ಎಂದು ಇನ್ನೊಂದು ಸುಳ್ಳು ಕೂಡಿಸಿ ಕೊಟ್ಟೆ.

ಅವ್ವ ಎಡ ಅಂಗೈಯಲ್ಲಿ ಅದನ್ನು ಇಟ್ಟುಕೊಂಡು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ನೀರು ಕೇಳಿದರು. ತೊಳೆದು, ವಿಭೂತಿ ಧರಿಸಿ, ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿದರು. ಬಸ್ಸಿನವರೆಲ್ಲ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು. ಕಣ್ಣು ತೆರೆದು ಅವ್ವ ನೀರು ಕುಡಿದರು, ಮಾತ್ರೆ ನುಂಗಿದರು. "ಪಾರ ಮಾಡಿದ್ರಿ ಟೀಚರ್ರ" ಎಂದರು ಮಿಲ್ಲಿನ ಸಾಹುಕಾರರು, ನಿಜವಾಗಿಯೂ ಕೈ ಮುಗಿದು.

ಅಂದಿನಿಂದ ಅವ್ವ ಗಂಟು ಹಾಕಲು ನನ್ನನ್ನು ಕರೆಯಲಿಲ್ಲ. ನಡುಗುವ ಬೆರಳಿನಿಂದ ತಾವೇ ಹಾಕಿಕೊಳ್ಳುತ್ತಿದ್ದರು. ಕಾಲು ಗಂಟೆ ಹಿಡಿಯುತ್ತಿತ್ತು. ನನ್ನ ಗಂಟಿನ ಮೇಲೆ ನಂಬಿಕೆ ಹೋಯಿತು ಎಂದುಕೊಂಡೆ, ಅದು ನ್ಯಾಯವೇ ಆಗಿತ್ತು. ಮರುದಿನ ಆ ದೊಡ್ಡ ಗುಡಿಯ ಮುಂದೆ ನಿಂತೆವು. ಅರವತ್ತು ವರ್ಷ ಕಾದು ನೋಡಿದ ಆ ಮೆಟ್ಟಿಲುಗಳ ಬಗ್ಗೆ ನನಗೆ ನೆನಪಿರುವುದು ಬಹಳ ಕಡಿಮೆ. ನೆನಪಿರುವುದು ಅವ್ವ ಪರ್ಸಿನಿಂದ ಯಜಮಾನರ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು, ಗುಡಿಯ ಕಡೆ ಮುಖ ಮಾಡಿ ಹಿಡಿದು, ಮತ್ತೆ ಒಳಗಿಟ್ಟದ್ದು.

ರಾಯಚೂರಿಗೆ ಬಂದ ಒಂದು ವಾರಕ್ಕೆ ಗೈಡ್‌ನ ಮೆಸೇಜ್ ಬಂತು: ನೀವು ಮನಸ್ಸು ಬದಲಿಸಿ ಬಂದರೂ ಬರಬಹುದೆಂದು ನಾನು ಆ ಬೆಳಿಗ್ಗೆ ಏಣಿ ತಂದಿದ್ದೆ. ಅಧಿಕಾರಿ ಇಳಿಯಲು ಒಪ್ಪಿಗೆ ಕೊಟ್ಟರು. ಹತ್ತರವರೆಗೆ ಕಾದೆವು. ಆ ಸಾಮಾನಿನವರೇ ಬೇಡವೆಂದ ಮೇಲೆ ಇಳಿಯಲು ಕಾರಣವಿಲ್ಲ ಎಂದರು. ಮತ್ತೆ ಯಾರೂ ಬಗ್ಗದಂತೆ ಈಗ ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಸಿಮೆಂಟು ಮಾಡಿದ್ದಾರೆ. ಮಳೆ ಶುರುವಾಗಿದೆ, ಒಳಗೆ ಕೆಸರು ಸೇರುತ್ತಿದೆ. ಐ ಆ್ಯಮ್ ಸಾರಿ, ಮೇಡಂ. ಅವನ ಸ್ಪೆಲ್ಲಿಂಗಿನಲ್ಲಿ ಎರಡು ತಪ್ಪಿದ್ದವು. ಅಭ್ಯಾಸಬಲ, ಅದನ್ನೇ ಮೊದಲು ನೋಡಿದೆ. ಆಮೇಲೆ ಉಳಿದದ್ದನ್ನು ಓದಲು ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಮರುದಿನ ದೇವದುರ್ಗದ ಬಸ್ಸು ಹತ್ತಿದೆ. ಅವ್ವ ಪಡಸಾಲೆಯಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ: ಬೋ ಗಂಟಿನಿಂದ ಹಿಡಿದು ಜಾಲರಿಯವರೆಗೆ. ಅವರು ಕೈ ನಿಲ್ಲಿಸಲಿಲ್ಲ.

"ಕೈಯಾಗ ಇಟ್ಟ ಕೂಡ್ಲೇ ತಿಳೀತು ತಂಗಿ. ನಂದು ಅಷ್ಟು ವರ್ಷ ನೀರು ಕುಡಿದದ್ದು. ನಿಂದು ಒಣಗಿತ್ತು."

ಮತ್ತೇಕೆ ಹೇಳಲಿಲ್ಲ ಎಂದೆ.

"ನಿನ್ನ ಕೊಳ್ಳಾಗಿನದು ಕೊಟ್ಟಿ ಅಂದ್ಕೊಂಡೆ. ಕೊಟ್ಟ ಕೈ ಹ್ಯಾಂಗ ದೂಡಲಿ?" ಮೊರ ಬದಿಗಿಟ್ಟರು. "ಆದ್ರ ಒಂದು ಮಾತು ಕೇಳು. ಅವ ಕೆನ್ನಿಗೆ ಕೈ ಹಚ್ಚಿದಾಗೇ ನನಗ ಗೊತ್ತಾತು, ಮಲಗಿ ಎದ್ದು ಬಾ ಅಂದ. ನಾ ಕುಂದರತಿದ್ದೆ. ಒಂದು ಹಗಲು, ಒಂದು ರಾತ್ರಿ. ಶಿವರಾತ್ರಿಗೆ ಕುಂದರಂಗಿಲ್ಲೇನು ನಾವು? ಸತ್ತಿದ್ರ ಸಾಯ್ತಿದ್ದೆ. ಅದು ನನ್ನ ಪಾಡು. ನೀ ನನ್ನ ಒಂದು ಮಾತು ಕೇಳಬೇಕಿತ್ತು."

ಕೇಳುವುದೇ, ಕೇಳಿ ಹೇಳುವುದೇ ನನ್ನ ಕೆಲಸವಾಗಿತ್ತು.

ಅವರು ಮಠಕ್ಕೆ ಹೋಗಿ ಹೊಸ ಲಿಂಗ ಕಟ್ಟಿಸಿಕೊಂಡಿದ್ದರು. ನನ್ನದು ದೇವರ ಗೂಡಿನಲ್ಲಿತ್ತು, ತೊಳೆದು, ಹೊಳೆಯುತ್ತ. ತಮ್ಮದಕ್ಕೆ ನೀರು ಹಾಕುವಾಗ ಅದಕ್ಕೂ ಒಂದು ಚಮಚ ಹಾಕುತ್ತಿದ್ದರಂತೆ. ನಾನು ಕೈ ಚಾಚಿದೆ. ಮೊದಲು ಗಂಟು ಕಲಿ ಎಂದರು. ನೂಲಿನ ತುಂಡು ಕೊಟ್ಟು, ಮೂರು ಸಲ ನಿಧಾನವಾಗಿ ಹಾಕಿ ತೋರಿಸಿದರು. ನಾನು ಹಾಕಿದ್ದು ಪ್ರತಿ ಸಲವೂ ಕೊನೆಗೆ ಎರಡು ಕಿವಿ ಎತ್ತಿ ನಿಂತಿತು. ಸಾಲಿ ಹುಡುಗೇರ ರಿಬ್ಬನ್ ಕಟ್ಟಿದಿ ನೋಡು ಎಂದು ಅವರು ನಕ್ಕರು. ಟೂರಿನಿಂದ ಬಂದ ಮೇಲೆ ಮೊದಲ ಸಲ ನಾನೂ ನಕ್ಕೆ.

ಕಡೆಯ ಬಸ್ಸಿನ ಹೊತ್ತಾಗಿತ್ತು. ಇವತ್ತಿಗೆ ಆಗುವುದಿಲ್ಲ, ನಾಳೆ ಬಾ ಎಂದರು. ಬರುವ ವಾರ ಬರುತ್ತೇನೆ ಎಂದೆ. ಅವರು ಹೊಸ್ತಿಲಲ್ಲಿ ನಿಂತು ಅಂಗೈಯನ್ನು ಕೆನ್ನೆಗೆ ಆನಿಸಿ ಕಣ್ಣು ಮುಚ್ಚಿ ತೆರೆದು, ಒಂದು ಬೆರಳು ಎತ್ತಿದರು. ತಮಾಷೆ ಎಂದುಕೊಂಡೆ.

ಮರುದಿನ ಮೊಣಕಾಲು ನೋಯುತ್ತಿತ್ತು. ಅದರ ಮರುದಿನ ಬಿಸಿಲು. ಹೋದದ್ದು ಒಂಬತ್ತನೆಯ ದಿನ. ಮನೆಯ ಮುಂದೆ ಶಾಮಿಯಾನ ಬಿಚ್ಚುತ್ತಿದ್ದರು. ಮೂರು ದಿನದ ಹಿಂದೆ, ಮುಂಜಾನೆಯ ಪೂಜೆಗೆ ಕೂತವರು ಹಾಗೇ ಒರಗಿದರಂತೆ.

ಸೊಸೆ ಒಳಗಿನಿಂದ ಬಿಳಿ ವಸ್ತ್ರದ ಸಣ್ಣ ಗಂಟು ತಂದು ನನ್ನ ಕೈಯಲ್ಲಿಟ್ಟಳು. "ಟೀಚರ್ರು ಬಂದ್ರ ಕೊಡು ಅಂದಿದ್ರುರೀ. ಎರಡು ದಿನ ದಾರಿ ನೋಡಿ, ತಾವೇ ಕಟ್ಟಿ ಇಟ್ರು."

ಒಳಗೆ ನನ್ನ ಲಿಂಗ, ಹೊಸ ನೂಲಿನ ದಾರ. ಕೊರಳ ಹಿಂದೆ ಬರುವ ಕಡೆ ಆ ಗಂಟು, ಜೋಳದ ಕಾಳಿನಷ್ಟು ಸಣ್ಣದು. ಭೂತಗನ್ನಡಿ ಹಿಡಿದು ನೋಡಿದ್ದೇನೆ. ದಾರದ ತುದಿ ಎಲ್ಲಿ ಒಳಗೆ ಹೋಗಿದೆ ಎಂದು ಕಾಣುತ್ತದೆ, ಎಲ್ಲಿಂದ ಬಂದಿದೆ ಎಂದು ಕಾಣುವುದಿಲ್ಲ. ಬಿಚ್ಚಿದರೆ ಕಲಿಯಬಹುದು. ಬಿಚ್ಚಿಲ್ಲ. ದಾರವನ್ನು ಅವರು ರೂಢಿಗಿಂತ ಉದ್ದ ಬಿಟ್ಟಿದ್ದಾರೆ, ತಲೆಯ ಮೇಲಿಂದ ಸಲೀಸಾಗಿ ಇಳಿಯುವಷ್ಟು. ಹಾಕಿಕೊಳ್ಳುವಾಗ ನಾನು ಗಂಟು ಹಾಕಬೇಕಾಗಿಲ್ಲ.